ಅಮೆರಿಕದ ಪಕ್ಷಗಳ ಸಮಾವೇಶ ಸಂವಿಧಾನದಲ್ಲಿದೆಯೇ?

ಅಮೆರಿಕದಲ್ಲಿ ಚುನಾವಣೆ ಬಂದಾಗಲೆಲ್ಲ ಒಂದು ಸಂದೇಶ ಓಡಾಡುತ್ತದೆ: ಅಧ್ಯಕ್ಷ ಸ್ಥಾನದ ಅಭ್ಯರ್ಥಿಯನ್ನು ಘೋಷಿಸುವ ಪಕ್ಷಗಳ ರಾಷ್ಟ್ರೀಯ ಸಮಾವೇಶವನ್ನು ಅಲ್ಲಿನ ಸಂವಿಧಾನವೇ ಕಡ್ಡಾಯ ಮಾಡಿದೆಯಂತೆ. ಹಾಗಲ್ಲ. 1787ರಲ್ಲಿ ಬರೆದ ಆ ಸಂವಿಧಾನದಲ್ಲಿ ರಾಜಕೀಯ ಪಕ್ಷಗಳ ಮಾತೇ ಇಲ್ಲ.

ಮೊದಲೆಲ್ಲ ಸಂಸತ್ತಿನ ಸದಸ್ಯರೇ ಗುಂಪು ಸೇರಿ ಅಭ್ಯರ್ಥಿಯನ್ನು ಆರಿಸುತ್ತಿದ್ದರು. ನಾಲ್ಕು ಗೋಡೆ ನಡುವಿನ ಈ ಆಯ್ಕೆಗೆ ವಿರೋಧ ಜಾಸ್ತಿಯಾಯಿತು. 1831ರಲ್ಲಿ ಬಾಲ್ಟಿಮೋರ್‌ನಲ್ಲಿ ಒಂದು ಸಣ್ಣ ಪಕ್ಷ ಮೊದಲ ರಾಷ್ಟ್ರೀಯ ಸಮಾವೇಶ ನಡೆಸಿತು. ಮರುವರ್ಷದೊಳಗೆ ದೊಡ್ಡ ಪಕ್ಷಗಳೂ ಅದೇ ದಾರಿ ಹಿಡಿದವು. 1972ರಿಂದೀಚೆಗೆ ಅಭ್ಯರ್ಥಿ ಯಾರೆಂಬುದು ಹೆಚ್ಚಾಗಿ ಪ್ರೈಮರಿಗಳಲ್ಲೇ, ಅಂದರೆ ಪಕ್ಷದ ಅಭ್ಯರ್ಥಿಯನ್ನು ಆರಿಸಲು ರಾಜ್ಯಗಳಲ್ಲಿ ನಡೆಯುವ ಮತದಾನದಲ್ಲೇ, ತೀರ್ಮಾನವಾಗುತ್ತದೆ. ಸಮಾವೇಶ ಮುದ್ರೆ ಒತ್ತುತ್ತದೆ, ಅಷ್ಟೇ. ಆದರೂ ಅಷ್ಟೊಂದು ಅದ್ದೂರಿ ನೋಡಿದರೆ ಗೊಂದಲ ಸಹಜ ಅಲ್ವಾ?

ಅನುಮಾನ ಬಂದರೆ ಮೂಲ ಸಂವಿಧಾನವನ್ನೇ ತೆರೆದು ನೋಡಿ. ಅಮೆರಿಕ ಸರ್ಕಾರದ ಜಾಲತಾಣದಲ್ಲಿ ಉಚಿತವಾಗಿ ಸಿಗುತ್ತದೆ. ಸಮಾವೇಶಕ್ಕೆ ಇಂಗ್ಲಿಷಿನಲ್ಲಿ ಬಳಸುವ ‘ಕನ್ವೆನ್ಷನ್’ ಎಂಬ ಪದ ಕಂಡರೆ ಅಲ್ಲಿಗೇ ನಿಲ್ಲಿಸದೆ ಇಡೀ ವಾಕ್ಯ ಓದಿ. ಅದು ಪಕ್ಷದ ಸಮಾವೇಶವಲ್ಲ, ಸಂವಿಧಾನದ ರಚನೆಗೆ, ಅನುಮೋದನೆಗೆ, ತಿದ್ದುಪಡಿಗೆ ಕರೆಯುವ ಸಭೆ.