ತೋಟದ ಗೂಡಿನ ಮೊಲಗಳು

ಕೊಡಗಿನ ತೋಟದ ರಸ್ತೆಯಲ್ಲಿ ರಾತ್ರಿ ಜೀಪಿನ ಬೆಳಕಿಗೆ ಸಿಕ್ಕಿ, ಪಕ್ಕಕ್ಕೆ ಹಾರುವುದನ್ನು ಬಿಟ್ಟು ಬೆಳಕಿನ ಮುಂದೆಯೇ ಒಂದಷ್ಟು ದೂರ ಓಡಿ, ಆಮೇಲೆ ಕಾಫಿ ಗಿಡಗಳ ನಡುವೆ ನುಸುಳಿಕೊಳ್ಳುವ ಕಂದು ಮೊಲಕ್ಕೂ, ಲೈನ್ ಮನೆಯ ಹಿಂದೆ ತಂತಿಬಲೆಯ ಗೂಡಿನಲ್ಲಿ ಹಾಲುವಾಣದ ಎಲೆ ಮೆಲ್ಲುತ್ತ ಕುಳಿತ ಬಿಳಿ ಮೊಲಕ್ಕೂ ಇರುವ ನಂಟು ನಾವು ತಿಳಿದಷ್ಟು ಹತ್ತಿರದ್ದಲ್ಲ. ಕಾಡುಮೊಲದ ಮರಿ ಬಯಲಿನ ಹುಲ್ಲಿನಲ್ಲಿಯೇ, ಮೈತುಂಬ ಕೂದಲು ಹೊತ್ತು, ಕಣ್ಣು ತೆರೆದುಕೊಂಡೇ ಹುಟ್ಟುತ್ತದೆ. ಸಾಕುಮೊಲದ ಮರಿ ಬೋಳು ಮೈಯಲ್ಲಿ, ಕಣ್ಣು ಮುಚ್ಚಿಕೊಂಡು, ತಾಯಿ ತನ್ನ ಎದೆಯ ಕೂದಲನ್ನೇ ಕಿತ್ತು ಹಾಸಿದ ಮೆತ್ತೆಯ ಮೇಲೆ ಹುಟ್ಟುತ್ತದೆ. ಒಂದರ ಜೀವಕೋಶದಲ್ಲಿ 48 ವರ್ಣತಂತುಗಳು, ಇನ್ನೊಂದರಲ್ಲಿ 44. ಇವೆರಡನ್ನೂ ಕೂಡಿಸಿ ಮಿಶ್ರತಳಿ ಮಾಡುತ್ತೇನೆಂದು ಹೊರಡುವ ಉತ್ಸಾಹಿಗಳು ನಮ್ಮ ಕಡೆ ಆಗಾಗ ಸಿಗುತ್ತಾರೆ. ಅದು ಆಗುವ ಕೆಲಸವಲ್ಲ, ಮೇಲಾಗಿ 1972ರ ವನ್ಯಜೀವಿ ಕಾಯಿದೆಯ ಪ್ರಕಾರ ಕಾಡುಮೊಲವನ್ನು ಹಿಡಿದಿಡುವುದೇ ಅಪರಾಧ.

ಗೂಡಿನ ಮೊಲದ ತವರು ಸ್ಪೇನ್, ಪೋರ್ಚುಗಲ್ ಮತ್ತು ದಕ್ಷಿಣ ಫ್ರಾನ್ಸ್. ಜಗತ್ತಿನ ಎಲ್ಲ ಸಾಕುಮೊಲಗಳೂ, ಅಂಗೈಯಲ್ಲಿ ಕೂರುವುದರಿಂದ ಹಿಡಿದು ನಾಯಿಮರಿಗಿಂತ ದೊಡ್ಡದಾಗಿ ಬೆಳೆಯುವುದರವರೆಗೆ, ಅಲ್ಲಿನ ನೆಲದಲ್ಲಿ ಬಿಲ ತೋಡಿಕೊಂಡು ಬದುಕುವ, ಒಂದೂವರೆ ಕಿಲೋ ಆಸುಪಾಸಿನ ಒಂದೇ ಕಂದು ಮೊಲದ ಸಂತಾನ. ರೋಮನ್ನರು ಗೋಡೆ ಕಟ್ಟಿದ ಆವರಣಗಳಲ್ಲಿ ಇವನ್ನು ಮಾಂಸಕ್ಕಾಗಿ ಇಟ್ಟುಕೊಂಡರು; ಮಧ್ಯಯುಗದಲ್ಲಿ ಮಠಗಳೂ ಜಮೀನುದಾರರೂ ಸಾಕಿದರು. ಆದರೆ ಇಂದು ನಾವು ತಳಿ ಎಂದು ಕರೆಯುವವುಗಳಲ್ಲಿ ಬಹುಪಾಲು ಕಳೆದ ಇನ್ನೂರು ಮುನ್ನೂರು ವರ್ಷಗಳಲ್ಲಿ ರೂಪುಗೊಂಡವು. ಅವುಗಳ ಚರಿತ್ರೆಯನ್ನು ಓದುತ್ತ ಹೋದಂತೆ ನನಗೆ ಖಚಿತವಾದದ್ದು ಇಷ್ಟು: ತಳಿಯೆಂದರೆ ಬಹುಮಟ್ಟಿಗೆ ಒಂದು ಐಬು, ಮತ್ತು ಆ ಐಬನ್ನು ಮೆಚ್ಚಿಕೊಂಡ ಒಬ್ಬ ಮನುಷ್ಯ.

ರೆಕ್ಸ್ ತಳಿಯನ್ನೇ ನೋಡಿ. 1919ರಲ್ಲಿ ಫ್ರಾನ್ಸಿನ ಒಂದು ಹಳ್ಳಿಯ ರೈತನ ಮನೆಯಲ್ಲಿ ಹುಟ್ಟಿದ ಮರಿಗಳಲ್ಲಿ ಕೆಲವಕ್ಕೆ ಕೂದಲು ಸರಿಯಾಗಿ ಬೆಳೆಯಲಿಲ್ಲ. ಮೊಲದ ಮೈಮೇಲಿನ ಉದ್ದನೆಯ ಗಡಸು ಕೂದಲು ಮಳೆ ನೀರನ್ನು ಜಾರಿಸುತ್ತದೆ, ಒಳಗಿನ ಮೃದು ಕೂದಲನ್ನು ಕಾಯುತ್ತದೆ. ಈ ಮರಿಗಳಲ್ಲಿ ಎರಡೂ ಒಂದೇ ಮಟ್ಟಕ್ಕೆ ನಿಂತುಬಿಟ್ಟಿದ್ದವು. ಕಾಡಿನಲ್ಲಿ ಹುಟ್ಟಿದ್ದರೆ ಒಂದು ಮಳೆಗಾಲವನ್ನೂ ಕಳೆಯುತ್ತಿರಲಿಲ್ಲ. ಅಲ್ಲಿನ ಪಾದ್ರಿಯೊಬ್ಬರು ಅವನ್ನು ತಂದು ಸಾಕಿದರು, 1924ರಲ್ಲಿ ಪ್ಯಾರಿಸ್ಸಿನ ಪ್ರದರ್ಶನದಲ್ಲಿ ಇಟ್ಟರು. ಮಖಮಲ್ಲಿನಂತಹ ಆ ಮೈಗೆ ಜನ ಮರುಳಾದರು.

ಬಣ್ಣದ ಕಥೆ ಇದಕ್ಕಿಂತ ಸ್ವಾರಸ್ಯದ್ದು. ಚಿಂಚಿಲ್ಲಾ, ಹಿಮಾಲಯನ್ ಎಂಬ ಎರಡು ತಳಿಗಳು, ಕೆಂಪು ಕಣ್ಣಿನ ಬಿಳಿ ಮೊಲ ಇವು ಮೂರೂ ಒಂದೇ ಜೀನಿನ ಮೂರು ಬಗೆಯ ಕೆಡುಕುಗಳು. ಬಣ್ಣ ತಯಾರಿಸುವ ಕಿಣ್ವ ಬಿಳಿ ಮೊಲದಲ್ಲಿ ಪೂರ್ತಿ ನಿಂತಿದೆ. ಹಿಮಾಲಯನ್‌ನಲ್ಲಿ ಅದು ತಣ್ಣಗಿರುವ ಜಾಗದಲ್ಲಿ ಮಾತ್ರ ಕೆಲಸ ಮಾಡುತ್ತದೆ; ಆದ್ದರಿಂದಲೇ ಮೈಯೆಲ್ಲ ಬೆಳ್ಳಗಿದ್ದರೂ ಮೂಗು, ಕಿವಿ, ಪಾದ, ಬಾಲಗಳು ಕಪ್ಪು. ಬೆನ್ನಿನ ಕೂದಲು ಬೋಳಿಸಿ ಆ ಜಾಗವನ್ನು ತಂಪಾಗಿಟ್ಟರೆ ಅಲ್ಲಿಯೂ ಕಪ್ಪು ಕೂದಲೇ ಬರುತ್ತದೆ. ಚಿಂಚಿಲ್ಲಾ ಮೊಲದಲ್ಲಿ ಹಳದಿ ಛಾಯೆಯಷ್ಟೇ ಮಾಯವಾಗಿದೆ. ಪಕ್ಕದ ತೋಟದ ಅಕ್ಕನ ಬಳಿ ಇಂತಹದ್ದೊಂದಿದೆ. ಅವರು ಅದನ್ನು ತೊಡೆಯ ಮೇಲೆ ಕೂರಿಸಿಕೊಂಡು ಪಕ್ಕೆಯ ಕೂದಲ ಮೇಲೆ ಉಫ್ ಎಂದು ಊದಿ ತೋರಿಸುತ್ತಾರೆ. ಊದಿದ ಕಡೆ ಕೂದಲು ವೃತ್ತಾಕಾರವಾಗಿ ಬಿಡಿಸಿಕೊಳ್ಳುತ್ತದೆ: ಬುಡದಲ್ಲಿ ಬಳಪದ ಕಲ್ಲಿನ ಕಡುಬೂದಿ, ನಡುವೆ ಮುತ್ತಿನ ಬಿಳುಪು, ತುದಿಯಲ್ಲಿ ಕಪ್ಪು. ಡಿಬೋವ್ಸ್ಕಿ ಎಂಬಾತ 1913ರಲ್ಲಿ ಫ್ರಾನ್ಸಿನಲ್ಲಿ ಈ ಮೊಲವನ್ನು ಜನರ ಮುಂದಿಟ್ಟಾಗ ತುಪ್ಪಳದ ವ್ಯಾಪಾರಿಗಳು ಏಕೆ ಮುಗಿಬಿದ್ದರೆಂಬುದು ಆ ಒಂದು ಉಸಿರಿಗೇ ತಿಳಿಯುತ್ತದೆ.

ಹೆಸರನ್ನು ನಂಬಿ ಊರು ಹುಡುಕಬಾರದು. ನ್ಯೂಜಿಲೆಂಡ್ ವೈಟ್ ಸಿದ್ಧವಾದದ್ದು ಅಮೆರಿಕದಲ್ಲಿ. ಬೆಲ್ಜಿಯನ್ ಹೇರ್ (ಹೇರ್ ಎಂದರೆ ಕಾಡುಮೊಲ) ನೋಡಲು ಕಾಡುಮೊಲದಂತೆ ನೀಳವಾಗಿದ್ದರೂ ಅಪ್ಪಟ ಸಾಕುಮೊಲ.

ಉಪಯೋಗಕ್ಕೆಂದು ಮಾಡಿದ ತಳಿಗಳನ್ನು ನಾನು ಒಪ್ಪಬಲ್ಲೆ. ಬರೀ ಚೆಂದಕ್ಕೆಂದು ಮಾಡಿದವುಗಳ ಬಗ್ಗೆ ನನಗೆ ಅನುಮಾನವಿದೆ. ಜೋಲುಗಿವಿಯ ಇಂಗ್ಲಿಷ್ ಲಾಪ್ ಮೊಲದ ಒಂದು ಕಿವಿಯ ತುದಿಯಿಂದ ಇನ್ನೊಂದರ ತುದಿಗೆ 22 ಅಂಗುಲ ಉದ್ದವಿದ್ದುದನ್ನು ಡಾರ್ವಿನ್ 1868ರಲ್ಲಿಯೇ ದಾಖಲಿಸಿದ್ದಾನೆ. ಅಂತಹ ಕಿವಿಯನ್ನು ಮೊಲ ತಾನೇ ತುಳಿದುಕೊಂಡು ಗಾಯ ಮಾಡಿಕೊಳ್ಳುವುದುಂಟು. ಒಂದು ಕಿಲೋ ತೂಗುವ ನೆದರ್‌ಲೆಂಡ್ ಡ್ವಾರ್ಫ್ ಇನ್ನೂ ಕಷ್ಟದ್ದು: ಅದನ್ನು ಕುಳ್ಳಾಗಿಸುವ ಜೀನು ತಂದೆ ತಾಯಿ ಇಬ್ಬರಿಂದಲೂ ಬಂದರೆ ಆ ಮರಿ ಹುಟ್ಟಿದ ಕೆಲವು ದಿನಗಳಲ್ಲಿ ಸಾಯುತ್ತದೆ. ಕುಳ್ಳ ಜೋಡಿಯ ಮರಿಗಳಲ್ಲಿ ಸರಾಸರಿ ನಾಲ್ಕಕ್ಕೊಂದರ ಗತಿ ಇದು. ದುಂಡು ಮುಖದ ಮುದ್ದಿಗೆ ಇಷ್ಟು ಬೆಲೆ ತೆರಬೇಕೇ?

ಇನ್ನು ಉಣ್ಣೆಯ ಮೊಲ ಅಂಗೋರಾ. ನಿಲ್ಲದೆ ಬೆಳೆಯುವ ಕೂದಲೂ ಮೂಲದಲ್ಲಿ ಒಂದು ಐಬೇ. ಸುಮಾರು ಮೂರು ತಿಂಗಳಿಗೊಮ್ಮೆ ಕತ್ತರಿಸದಿದ್ದರೆ ಅದು ಜಡೆಗಟ್ಟುತ್ತದೆ, ಮೈ ನೆಕ್ಕುವಾಗ ಹೊಟ್ಟೆ ಸೇರಿ ಮೊಲದ ಜೀವಕ್ಕೇ ಕುತ್ತು ತರುತ್ತದೆ. ಹಿಮಾಚಲದ ಕುಲ್ಲು ಕಣಿವೆಯ ಒಣ ಚಳಿಗೆ ಅದು ಹೊಂದಿಕೊಂಡಿದೆ. ಇಲ್ಲಿಯೂ ಚಳಿಯಿದೆಯಲ್ಲ ಎಂದು ಅಕ್ಕ ಒಂದು ಜೋಡಿ ತರಿಸುವ ಯೋಚನೆಯಲ್ಲಿದ್ದರು. ನಮ್ಮ ಚಳಿ ಬೇರೆ. ಆಷಾಢದಲ್ಲಿ ಅಟ್ಟದ ಮೇಲಿನ ಕಂಬಳಿಗೇ ಬೂಷ್ಟು ಹಿಡಿಯುವ ಊರಿನಲ್ಲಿ ಆ ಉಣ್ಣೆಯನ್ನು ಒಣಗಿಸಿಡುವುದು ಹೇಗೆ? ಮಳೆ ನೀರು ಸೋರುವ ಹುಲ್ಲನ್ನು ಹಾಗೆಯೇ ಹಾಕಿದರೆ ಸಾದಾ ಮೊಲಕ್ಕೂ ಹೊಟ್ಟೆ ಕೆಡುತ್ತದೆ. ಇದರ ಮೇಲೆ ಗೂಡಿನ ತೇವ, ಕಿವಿಯೊಳಗಿನ ಕಜ್ಜಿ ಬೇರೆ. ನಾನು ಹೇಳಿದ್ದು ಸೋವಿಯತ್ ಚಿಂಚಿಲ್ಲಾ ತನ್ನಿ ಎಂದು: ಚಿಂಚಿಲ್ಲಾಕ್ಕೆ ಬಿಳಿ ದೈತ್ಯ ತಳಿಯನ್ನು ಕೂಡಿಸಿ ರಷ್ಯದಲ್ಲಿ ಮಾಡಿದ, ನಾಲ್ಕೈದು ಕಿಲೋ ತೂಗುವ ಗಟ್ಟಿ ಮೊಲ. ಗೂಡನ್ನು ನೆಲದಿಂದ ಸೊಂಟದೆತ್ತರಕ್ಕೆ ಕಟ್ಟಿಸಿ, ಎಲೆಯನ್ನು ಹಿಂದಿನ ದಿನವೇ ಕಡಿದು ಒಲೆಮನೆಯಲ್ಲಿ ಬಾಡಿಸಿ ಹಾಕಿ ಎಂದೂ ಸೇರಿಸಿದೆ. ಗೂಡು ಸಿದ್ಧವಾಗಿದೆ, ಬಿಳಿಯದೇ ಬೇಕೆಂದು ಅವರ ಮೊಮ್ಮಗಳು ಹಟ ಹಿಡಿದಿದ್ದಾಳೆ.