ಮುಖಕ್ಕೆ ಬೆಲೆ ಒಂದು ಡಾಲರ್

ಟ್ರಂಪ್ ಅವರ ಮುಖ ಇರುವ ಒಂದು ಡಾಲರ್ ನಾಣ್ಯದ ಸುದ್ದಿ ನೀವೂ ಓದಿರುತ್ತೀರಿ. ಅಮೆರಿಕಕ್ಕೆ 2026ರಲ್ಲಿ 250 ವರ್ಷ. ಆ ಸಂಭ್ರಮಕ್ಕೆ ಅಂತ 2025ರ ಅಕ್ಟೋಬರಿನಲ್ಲಿ ಅಲ್ಲಿನ ಖಜಾನೆಯವರು ಒಂದು ಕರಡು ಚಿತ್ರ ತೋರಿಸಿದರು. ಒಂದು ಕಡೆ ಅವರ ಮುಖ. ಇನ್ನೊಂದು ಕಡೆ ಮುಷ್ಟಿ ಎತ್ತಿ ನಿಂತ ಅವರೇ, ಜೊತೆಗೆ ‘ಫೈಟ್ ಫೈಟ್ ಫೈಟ್’ ಅಂತ ಬರಹ. ಸರಿ, ಜಗಳ ಶುರುವಾಯಿತು. ಬದುಕಿರುವವರ ಮುಖ ನಾಣ್ಯದ ಮೇಲೆ ಬರಬಹುದೇ, ಇದೇನು ರಾಜರ ಕಾಲವೇ, ಪ್ರಜಾಪ್ರಭುತ್ವದ ಗತಿ ಏನು ಅಂತ ದೊಡ್ಡ ದೊಡ್ಡವರು ತಲೆ ಕೆಡಿಸಿಕೊಂಡರು. ನನಗೆ ಮಾತ್ರ ಒಂದೇ ಚಿಂತೆ. ಪಾಪ, ಆ ನಾಣ್ಯವನ್ನು ಅಂಗಡಿಯಲ್ಲಿ ತಗೊಳ್ಳುವವರು ಯಾರು?

ಯಾಕೆಂದರೆ ನನ್ನ ಹತ್ತಿರ ಅಂಥ ಏಳು ಇವೆ.

ಕೆಲವು ವರ್ಷದ ಹಿಂದೆ ಮಗಳ ಮನೆಗೆಂದು ನ್ಯೂಜೆರ್ಸಿಗೆ ಹೋಗಿದ್ದೆವು. ಒಂದು ದಿನ ಧೈರ್ಯ ಮಾಡಿ ನಾನೊಬ್ಬನೇ ರೈಲು ಹತ್ತಲು ಹೊರಟೆ. ನಿಲ್ದಾಣದ ಟಿಕೆಟ್ ಮೆಷಿನ್ನಿಗೆ ಇಪ್ಪತ್ತು ಡಾಲರ್ ನೋಟು ತಿನ್ನಿಸಿದೆ. ಟಿಕೆಟ್ ಬಂತು. ಆಮೇಲೆ ಒಳಗಿನಿಂದ ಠಣ್ ಠಣ್ ಅಂತ ಸದ್ದು. ಕೆಳಗಿನ ಬಟ್ಟಲಿಗೆ ಚಿನ್ನದ ಬಣ್ಣದ ನಾಣ್ಯಗಳು ಒಂದೊಂದಾಗಿ ಬೀಳತೊಡಗಿದವು. ಏಳು ಬಿದ್ದ ಮೇಲೆ ನಿಂತಿತು. ಲಾಟರಿ ಹೊಡೆಯಿತೇನೋ ಅಂತ ಸುತ್ತ ನೋಡಿದೆ. ಹಿಂದೆ ನಿಂತಿದ್ದ ಮಹಾಶಯ ಮಾತ್ರ ನನ್ನ ಕಡೆ ಬಹಳ ಕನಿಕರದಿಂದ ನೋಡುತ್ತಿದ್ದ. ಅದು ಯಾಕೆ ಅಂತ ಸಂಜೆ ಗೊತ್ತಾಯಿತು.

ಸಂಜೆ ಇಂಡಿಯನ್ ಅಂಗಡಿಯಲ್ಲಿ ಕೊತ್ತಂಬರಿ ಸೊಪ್ಪು, ಹಸಿಮೆಣಸಿನಕಾಯಿ ತಗೊಂಡು ಮೂರು ನಾಣ್ಯ ಇಟ್ಟೆ. ಹುಡುಗ ಗಲ್ಲಾಪೆಟ್ಟಿಗೆ ತೆಗೆದ. ಅದರಲ್ಲಿ ಚಿಲ್ಲರೆಗೆ ನಾಲ್ಕೇ ಗುಂಡಿ. ಒಂದು ಸೆಂಟಿಗೆ ಒಂದು, ಐದಕ್ಕೆ ಒಂದು, ಹತ್ತಕ್ಕೆ ಒಂದು, ಇಪ್ಪತ್ತೈದಕ್ಕೆ ಒಂದು. ನನ್ನ ನಾಣ್ಯ ಹಿಡಿದ ಅವನ ಕೈ ನಾಲ್ಕೂ ಗುಂಡಿಯ ಮೇಲೆ ಸುತ್ತಾಡಿ ವಾಪಸ್ ನನ್ನ ಮುಂದೆಯೇ ಬಂದು ನಿಂತಿತು. ‘ಅಂಕಲ್, ನೋಟ್?’ ಅಂದ. ಜಗತ್ತಿನ ಅತಿ ಬಲಿಷ್ಠ ದೇಶದ ಅಸಲಿ ಹಣ. ಇಡಲು ಒಂದು ಗುಂಡಿ ಇಲ್ಲ.

ಇದು ಇವತ್ತಿನ ಕಥೆಯಲ್ಲ. 1971ರಲ್ಲಿ ಹಿಂದಿನ ಅಧ್ಯಕ್ಷ ಐಸೆನ್‌ಹೋವರ್ ಅವರ ಮುಖ ಹಾಕಿ ಒಂದು ಡಾಲರ್ ನಾಣ್ಯ ತಂದರು. ಸಣ್ಣ ನಿಪ್ಪಟ್ಟಿನಷ್ಟು ಅಗಲ. ನೆವಾಡಾದ ಜೂಜುಕೋರರು ಬಿಟ್ಟರೆ ಬೇರೆ ಯಾರೂ ಮುಟ್ಟಲಿಲ್ಲ. ದೊಡ್ಡದಾಯಿತು ಅಂತ 1979ರಲ್ಲಿ ಚಿಕ್ಕದು ಮಾಡಿದರು. ಹೆಂಗಸರ ಮತದ ಹಕ್ಕಿಗಾಗಿ ಜೀವನವೆಲ್ಲಾ ಹೋರಾಡಿದ ಸೂಸನ್ ಬಿ. ಆಂಟನಿ ಅವರ ಮುಖ ಹಾಕಿದರು. ಒಳ್ಳೆಯ ಕೆಲಸ, ಅಲ್ವಾ? ಆದರೆ ಬಣ್ಣ, ಗಾತ್ರ ಎಲ್ಲಾ ಹೆಚ್ಚುಕಡಿಮೆ ಕ್ವಾರ್ಟರ್ ಥರವೇ, ಅಂದರೆ ಇಪ್ಪತ್ತೈದು ಸೆಂಟಿನ ನಾಣ್ಯದ ಥರ. ಅದು 24.3 ಮಿಲಿಮೀಟರ್, ಇದು 26.5. ಎರಡು ಮಿಲಿಮೀಟರ್ ವ್ಯತ್ಯಾಸವನ್ನು ಜನ ಜೇಬಿನೊಳಗೆ ಬೆರಳಲ್ಲೇ ಅಳೆಯಬೇಕಿತ್ತು. ಇಪ್ಪತ್ತೈದು ಸೆಂಟು ಅಂದುಕೊಂಡು ಡಾಲರ್ ಕೊಟ್ಟು ಬಂದವರೆಲ್ಲಾ ಬೈದುಕೊಂಡರು. ಆಗಿನ ಅಧ್ಯಕ್ಷರ ಹೆಸರು ಸೇರಿಸಿ ‘ಕಾರ್ಟರ್ ಕ್ವಾರ್ಟರ್’ ಅಂತ ಅಡ್ಡಹೆಸರಿಟ್ಟರು. ಮೊದಲ ವರ್ಷವೇ 75 ಕೋಟಿಗೂ ಜಾಸ್ತಿ ಅಚ್ಚಾಗಿತ್ತು. ಮೂರನೇ ವರ್ಷಕ್ಕೆ ಗಂಟುಮೂಟೆ ಕಟ್ಟಿ ಗೋದಾಮಿಗೆ.

2000ದಲ್ಲಿ ಬಣ್ಣ ಬದಲಾಯಿತು. ಚಿನ್ನದ ಬಣ್ಣ ಅಂದರೆ ಯಾರಿಗೆ ಬೇಡ? ಮುಖವೂ ಚೆಂದದ್ದೇ. ಲೂಯಿಸ್ ಮತ್ತು ಕ್ಲಾರ್ಕ್ ಎಂಬ ಇಬ್ಬರು ಅಮೆರಿಕದ ಪಶ್ಚಿಮಕ್ಕೆ ದಾರಿ ಹುಡುಕಿಕೊಂಡು ಹೋದಾಗ ಜೊತೆಗಿದ್ದ ಸಕಾಜವಿಯಾ ಎಂಬ ಆದಿವಾಸಿ ಹೆಣ್ಣುಮಗಳು, ಬೆನ್ನಲ್ಲಿ ಕೂಸು. ಪ್ರಚಾರಕ್ಕೇ ಸುಮಾರು 6.7 ಕೋಟಿ ಡಾಲರ್ ಸುರಿದರು. ಬೆಳಗಿನ ತಿಂಡಿಯ ಚೀರಿಯೋಸ್ ಡಬ್ಬಿಯೊಳಗೂ ಅಲ್ಲೊಂದು ಇಲ್ಲೊಂದು ಹಾಕಿ ಕಳಿಸಿದರು. ಆ ವರ್ಷ 100 ಕೋಟಿಗೂ ಮೀರಿ ಅಚ್ಚು ಹಾಕಿದರು. ಜನ ಬಹಳ ಖುಷಿಪಟ್ಟರು. ತಿರುಗಿಸಿ ಮುರುಗಿಸಿ ನೋಡಿದರು. ಆಮೇಲೆ ಡ್ರಾಯರ್ ಒಳಗೆ ಹಾಕಿಟ್ಟರು.

ಅಂದಹಾಗೆ, ಆ ಪ್ರಯಾಣಕ್ಕೆ ಸಕಾಜವಿಯಾಳಿಗೆ ಸಿಕ್ಕ ಸಂಬಳ ಎಷ್ಟು ಗೊತ್ತೇ? ಏನೂ ಇಲ್ಲ. ಗಂಡನಿಗೆ ಸುಮಾರು 500 ಡಾಲರ್ ಮತ್ತು 320 ಎಕರೆ ಜಮೀನು. ಹಸುಗೂಸನ್ನು ಹೊತ್ತು ಬೆಟ್ಟ ಹತ್ತಿ ಇಳಿದವಳಿಗೆ ಒಂದು ಡಾಲರೂ ಕೊಡಲಿಲ್ಲ. ಇನ್ನೂರು ವರ್ಷ ಬಿಟ್ಟು ಅವಳ ಮುಖ ಒತ್ತಿದ ನಾಣ್ಯವನ್ನು ಯಾರೂ ಮುಟ್ಟುತ್ತಿಲ್ಲ ಅಂತ ಅತ್ತರು. ಇದನ್ನು ತಮಾಷೆಯಾಗಿ ಬರೆಯೋಣ ಅಂತ ಕೂತೆ, ಆಗುತ್ತಿಲ್ಲ. ಮುಂದೆ ಹೋಗೋಣ.

ಈ ನಡುವೆ ಒಂದು ಯಶಸ್ಸು ತಲೆಗೆ ಏರಿತು. 1999ರಿಂದ 2008ರವರೆಗೆ ಐವತ್ತು ರಾಜ್ಯಗಳ ಐವತ್ತು ಕ್ವಾರ್ಟರ್ ಬಂದವು. ಮಕ್ಕಳು, ಅಜ್ಜಂದಿರು ಎಲ್ಲಾ ಆಲ್ಬಂ ಇಟ್ಟುಕೊಂಡು ಕೂಡಿಸಿದರು. ಜನ ನಾಣ್ಯ ಎತ್ತಿಟ್ಟಷ್ಟೂ ಸರ್ಕಾರಕ್ಕೆ ಲಾಭ. ಕೆಲವೇ ಸೆಂಟಿನ ಲೋಹಕ್ಕೆ ಇಪ್ಪತ್ತೈದು ಸೆಂಟು ಎಣಿಸಿಕೊಂಡ ಹಾಗಾಯಿತಲ್ಲ. ಹಾಗಾದರೆ ಡಾಲರಿಗೂ ಇದೇ ಮಾಡೋಣ, ಅಧ್ಯಕ್ಷರ ಸರಣಿ ತರೋಣ ಅಂತ 2005ರಲ್ಲಿ ಕಾನೂನು ಮಾಡಿದರು. 2007ರಿಂದ ಮೂರು ತಿಂಗಳಿಗೊಬ್ಬ ಅಧ್ಯಕ್ಷ. ನಮ್ಮಲ್ಲಿ ಮುಖ್ಯಮಂತ್ರಿ ಬದಲಾವಣೆಯ ಸುದ್ದಿ ಬರುತ್ತದಲ್ಲ, ಹಾಗೆ. ಒಂದೇ ಷರತ್ತು: ಅಧ್ಯಕ್ಷರು ತೀರಿಕೊಂಡು ಎರಡು ವರ್ಷವಾಗಿರಬೇಕು. ಗ್ರೋವರ್ ಕ್ಲೀವ್‌ಲ್ಯಾಂಡ್ ಎಂಬುವರು ನಡುವೆ ಒಮ್ಮೆ ಬಿಟ್ಟು ಎರಡು ಸಲ ಅಧ್ಯಕ್ಷರಾಗಿದ್ದರು. ಅವರಿಗೆ ಎರಡು ನಾಣ್ಯ! ಟ್ರಂಪ್ ಅವರದೂ ಅದೇ ಲೆಕ್ಕ. ನ್ಯಾಯವಾಗಿ ನೋಡಿದರೆ ಅವರಿಗೂ ಎರಡು ಬರಬೇಕು. ಷರತ್ತಿನ ವಿಷಯ ನಾನು ಮಾತಾಡುವುದಿಲ್ಲ.

ಆ ಸರಣಿಯ ಮೊದಲ ವಾಷಿಂಗ್ಟನ್ ನಾಣ್ಯದಲ್ಲೇ ಎಡವಟ್ಟು. ‘ಇನ್ ಗಾಡ್ ವಿ ಟ್ರಸ್ಟ್’ ಎಂಬುದನ್ನು ನಾಣ್ಯದ ಅಂಚಿನ ಮೇಲೆ ಕೊರೆಯಬೇಕಿತ್ತು. ಒಂದಷ್ಟು ನಾಣ್ಯ ಅಂಚು ಕೊರೆಯುವ ಮೆಷಿನ್ ತಪ್ಪಿಸಿಕೊಂಡು ನುಣ್ಣಗೆ ಆಚೆ ಬಂದವು. ದೇವರನ್ನೇ ತೆಗೆದುಹಾಕಿದರು ಅಂತ ಗದ್ದಲವೋ ಗದ್ದಲ. ಸಂಗ್ರಹಕಾರರು ಮಾತ್ರ ಅದಕ್ಕೇ ಮುಗಿಬಿದ್ದರು. ದೇವರಿದ್ದ ನಾಣ್ಯಕ್ಕೆ ಒಂದು ಡಾಲರ್, ದೇವರಿಲ್ಲದ್ದಕ್ಕೆ ಜಾಸ್ತಿ.

ನನಗೆ ತುಂಬಾ ಇಷ್ಟವಾದದ್ದು ಇದಾದ ಮೇಲಿನದು. ನಾಣ್ಯ ಚಲಾವಣೆಗೆ ಬರಲಿ ಅಂತ ಟಂಕಸಾಲೆಯವರು ಒಂದು ಸೌಲಭ್ಯ ಕೊಟ್ಟರು. ಮುಖಬೆಲೆ ಕೊಟ್ಟರೆ ಸಾಕು, ಮನೆ ಬಾಗಿಲಿಗೆ ಪೆಟ್ಟಿಗೆ. ಸಾಗಣೆ ಖರ್ಚು ಸರ್ಕಾರದ್ದು. ಕ್ರೆಡಿಟ್ ಕಾರ್ಡೂ ನಡೆಯುತ್ತೆ. ಕ್ರೆಡಿಟ್ ಕಾರ್ಡಿನಲ್ಲಿ ಖರ್ಚು ಮಾಡಿದರೆ ವಿಮಾನದ ಮೈಲಿ ಸಿಗುತ್ತದೆ ಎಂಬುದು ನಿಮಗೂ ಗೊತ್ತು, ಅಲ್ಲಿನ ಜಾಣರಿಗೂ ಗೊತ್ತು. ಸಾವಿರಗಟ್ಟಲೆ ಡಾಲರ್ ನಾಣ್ಯ ತರಿಸಿದರು. ಪೆಟ್ಟಿಗೆಯ ಟೇಪ್ ಕೂಡ ಬಿಚ್ಚದೆ ಬ್ಯಾಂಕಿಗೆ ಹೊತ್ತುಕೊಂಡು ಹೋಗಿ ಕಟ್ಟಿದರು. ಆ ದುಡ್ಡಲ್ಲೇ ಕಾರ್ಡಿನ ಬಿಲ್ ತೀರಿಸಿದರು. ಕೈಯಿಂದ ಒಂದು ಕಾಸು ಹೋಗಲಿಲ್ಲ, ಮೈಲಿ ಮಾತ್ರ ಲಕ್ಷಗಟ್ಟಲೆ ಬಂತು. ಟಂಕಸಾಲೆಯಿಂದ ಮನೆ, ಮನೆಯಿಂದ ಬ್ಯಾಂಕು, ಬ್ಯಾಂಕಿನಿಂದ ಅಲ್ಲಿನ ಕೇಂದ್ರ ಬ್ಯಾಂಕಾದ ಫೆಡರಲ್ ರಿಸರ್ವ್ ಕೋಣೆ. ನಾಣ್ಯ ಒಂದೇ ಒಂದು ಅಂಗಡಿಯ ಮುಖ ನೋಡಲಿಲ್ಲ. ಚಲಾವಣೆಗೆ ಬಂದವರು ಜನ! ಪುಕ್ಕಟೆ ಟಿಕೆಟ್ಟಿನಲ್ಲಿ ದೇಶ ದೇಶ ಸುತ್ತಿ ಬಂದರು. 2011ರಲ್ಲಿ ಎಚ್ಚರವಾಗಿ ಕಾರ್ಡ್ ನಿಲ್ಲಿಸಿದರು. ಆ ಯೋಜನೆ ರೂಪಿಸಿದ ಅಧಿಕಾರಿ ಯಾರೋ ಗೊತ್ತಿಲ್ಲ. ಸಿಕ್ಕಿದರೆ ಒಂದು ಶಾಲು ಹೊದಿಸಬೇಕು ಅಂತ ಆಸೆ.

ಅದೇ 2011ರ ಹೊತ್ತಿಗೆ ಸರ್ಕಾರದ ಕೋಣೆಗಳಲ್ಲಿ 140 ಕೋಟಿಯಷ್ಟು ಡಾಲರ್ ನಾಣ್ಯ ಕೊಳೆಯುತ್ತಿದ್ದವು. ಆದರೂ ಅಚ್ಚು ಹಾಕುವುದು ನಡೆದೇ ಇತ್ತು. ಯಾಕೆ? ಕಾನೂನು ಹೇಳಿದೆ. ಅಧ್ಯಕ್ಷರ ಸಾಲು ಮುಗಿಯುವ ತನಕ ನಿಲ್ಲಿಸುವ ಹಾಗಿಲ್ಲ. ಕೊನೆಗೆ ಆ ಡಿಸೆಂಬರಿನಲ್ಲಿ ಆಗಿನ ಉಪಾಧ್ಯಕ್ಷ ಬೈಡನ್ ಬಂದು, ಇನ್ನು ಚಲಾವಣೆಗೆ ಬೇಡ, ಸಂಗ್ರಹ ಮಾಡುವವರಿಗೆ ಬೇಕಾದಷ್ಟು ಮಾತ್ರ ಸಾಕು ಅಂದರು.

ಇಷ್ಟೆಲ್ಲಾ ಆದ ಮೇಲೆ ಬುದ್ಧಿ ಬಂತು ಅಂದುಕೊಂಡಿರಾ? ಈಗ ಟ್ರಂಪ್ ನಾಣ್ಯಕ್ಕೆ ಆಧಾರವಾದ ಕಾನೂನಿನ ಹೆಸರು ನೋಡಿ: ‘ಸರ್ಕ್ಯುಲೇಟಿಂಗ್ ಕಲೆಕ್ಟಿಬಲ್ ಕಾಯಿನ್ ರೀಡಿಸೈನ್ ಆ್ಯಕ್ಟ್’. ಅಂದರೆ ಕೂಡಿಡಲೂ ಬೇಕು, ಕೈಬದಲಾಗಲೂ ಬೇಕು. ಮದುವೆಯ ರೇಷ್ಮೆ ಸೀರೆ ಉಟ್ಟುಕೊಂಡೇ ಪಾತ್ರೆ ತೊಳಿ ಅಂದ ಹಾಗೆ. ಆ ಕಾನೂನಿನಲ್ಲಿ ಒಂದು ಮಾತಿದೆ. ಬದುಕಿರುವವರ ಚಿತ್ರ ನಾಣ್ಯದ ಹಿಂಬದಿಯಲ್ಲಿ ಬರಬಾರದು. ಹಿಂಬದಿಯಲ್ಲಿ! ಮುಂಬದಿಯ ಬಗ್ಗೆ ಹೇಳಿಲ್ಲವಲ್ಲ ಅಂತ ಒಂದು ವಾದ. ನಮ್ಮ ಕಂದಾಯ ಇಲಾಖೆ ಕಡತಗಳನ್ನು ನೋಡಿದವರಿಗೆ ಈ ಜಾಣತನ ಹೊಸದೇನಲ್ಲ.

ಬದುಕಿರುವವರ ಮುಖದ ತಕರಾರು ಹಳೆಯದು. 1860ರ ದಶಕದಲ್ಲಿ ಸ್ಪೆನ್ಸರ್ ಕ್ಲಾರ್ಕ್ ಎಂಬ ನೋಟು ಇಲಾಖೆಯ ಅಧಿಕಾರಿಯಿದ್ದ. ಐದು ಸೆಂಟಿನ ನೋಟಿನ ಮೇಲೆ ತನ್ನದೇ ಗಡ್ಡದ ಮುಖ ಹಾಕಿಕೊಂಡ! ಮೇಲಿನವರು ‘ಕ್ಲಾರ್ಕ್’ ಅಂದಿದ್ದು ಸಕಾಜವಿಯಾ ಜೊತೆಗಿದ್ದ ಆ ಕ್ಲಾರ್ಕ್ ಬಗ್ಗೆ, ಈತ ತನ್ನನ್ನೇ ಅಂದುಕೊಂಡ ಅಂತ ಒಂದು ಕಥೆಯಿದೆ. ನಿಜವೋ ಸುಳ್ಳೋ, ಎಂಥ ಚೆಂದದ ಸಬೂಬು! ಸಂಸತ್ತು ಸಿಟ್ಟಾಗಿ 1866ರಲ್ಲಿ ಬದುಕಿರುವವರ ಮುಖಕ್ಕೆ ನೋಟಿನಲ್ಲಿ ಜಾಗವಿಲ್ಲ ಅಂದಿತು. ಆಮೇಲೆ 1926ರಲ್ಲಿ, 150ನೇ ವರ್ಷಕ್ಕೆ, ಆಗ ಕುರ್ಚಿಯಲ್ಲಿದ್ದ ಅಧ್ಯಕ್ಷ ಕೂಲಿಡ್ಜ್ ಅವರ ಮುಖ ಅರ್ಧ ಡಾಲರ್ ನಾಣ್ಯದಲ್ಲಿ ಬಂತು. ಅಚ್ಚಾಗಿದ್ದು ಸುಮಾರು ಹತ್ತು ಲಕ್ಷ. ಮಾರಾಟವಾಗದೆ ಎಂಟು ಲಕ್ಷಕ್ಕೂ ಹೆಚ್ಚು ವಾಪಸ್ ಬಂದು ಕರಗಿತು. ಮುಖಬೆಲೆ ಅನ್ನೋದು ಇದಕ್ಕೇ ಇರಬೇಕು.

ನಗುವುದು ಸುಲಭ. ನಮ್ಮ ಹತ್ತು ರೂಪಾಯಿ ನಾಣ್ಯದ ಪಾಡು ಮರೆತಿಲ್ಲ ತಾನೇ? ಹುಬ್ಬಳ್ಳಿಯ ಒಂದು ಚಹಾ ಅಂಗಡಿಯಲ್ಲಿ ಕೊಟ್ಟಾಗ ಬಂದ ಉತ್ತರ ಇದು: ‘ಬ್ಯಾಡ್ರಿ ಸರ, ಇದು ನಡೆಯಂಗಿಲ್ರಿ.’ ರಿಸರ್ವ್ ಬ್ಯಾಂಕೇ ಹೇಳಿದೆಯಲ್ಲಪ್ಪ ಅಂದೆ. ‘ಹೌದ್ರಿ, ಅವ್ರು ತಗೋತಾರ ನೋಡ್ರಿ, ಅಲ್ಲೇ ಕೊಡ್ರಿ’ ಅಂದ. ಹತ್ತು ಗೆರೆಯದ್ದು ಅಸಲಿ, ಹದಿನೈದು ಗೆರೆಯದ್ದು ನಕಲಿ ಅಂತ ಯಾರೋ ಹಬ್ಬಿಸಿದರು. ಹದಿನಾಲ್ಕು ವಿನ್ಯಾಸವೂ ಅಸಲಿ ಅಂತ 2018ರಲ್ಲಿ ರಿಸರ್ವ್ ಬ್ಯಾಂಕ್ ಹೇಳಿತು. ಹದಿನಾಲ್ಕು! ಅದನ್ನು ಕೇಳಿ ಜನಕ್ಕೆ ಅನುಮಾನ ಇನ್ನೂ ಜಾಸ್ತಿಯಾಯಿತು. ಮಹಾನುಭಾವರ ನೆನಪಿಗೆ, ಸಂಸ್ಥೆಯ ನೂರನೇ ವರ್ಷಕ್ಕೆ ಅಂತ ಒಂದೊಂದು ಚಿತ್ರ ಒತ್ತುತ್ತಾ ಹೋದರೆ ಚಹಾ ಅಂಗಡಿಯವನು ಏನು ಮಾಡಬೇಕು? ಭೂತಗನ್ನಡಿ ಹಿಡಿದು ಕೂರಬೇಕೇ?

ಸುಸ್ತಾಗುತ್ತದೆ. ನಾಣ್ಯ ನಡೆಯಬೇಕು ಅಂದರೆ ನೋಟು ನಿಲ್ಲಿಸಬೇಕು. ಇದಕ್ಕೆ ಸಮಿತಿ ಬೇಡ, ಚೆಂದದ ಮುಖವೂ ಬೇಡ. ಕೆನಡಾದವರು 1987ರಲ್ಲಿ ಒಂದು ಡಾಲರ್ ನಾಣ್ಯ ತಂದರು, 1989ರಲ್ಲಿ ನೋಟು ನಿಲ್ಲಿಸಿದರು. ಮುಖ ಯಾರದ್ದು ಅಂತ ತಲೆ ಕೆಡಿಸಿಕೊಂಡು ಕೂರಲಿಲ್ಲ. ಮೊದಲು ಆರಿಸಿದ್ದ ಚಿತ್ರದ ಅಚ್ಚು ಸಾಗಿಸುವಾಗ ದಾರಿಯಲ್ಲೇ ಕಳೆದುಹೋಯಿತು. ಸರಿ ಅಂತ ಲೂನ್ ಎಂಬ ನೀರುಹಕ್ಕಿಯ ಚಿತ್ರ ಹಾಕಿದರು. ಇವತ್ತಿಗೂ ‘ಲೂನಿ’ ಅಂತ ಕರೆದು ಖರ್ಚು ಮಾಡುತ್ತಾರೆ. ಅಮೆರಿಕದಲ್ಲಿ ನೋಟಿನ ಕಾಗದ ತಯಾರಾಗುವ ಮ್ಯಾಸಚೂಸೆಟ್ಸಿನ ನಾಯಕರು ನೋಟಿನ ಪರ, ತಾಮ್ರದ ಗಣಿ ಇರುವ ಅರಿಜೋನಾದವರು ನಾಣ್ಯದ ಪರ. ನಾಣ್ಯವೇ ಲಾಭ, ಮೂವತ್ತು ವರ್ಷದಲ್ಲಿ 550 ಕೋಟಿ ಡಾಲರ್ ಉಳಿಯುತ್ತೆ ಅಂತ 2011ರಲ್ಲಿ ಸರ್ಕಾರದ ಲೆಕ್ಕಪರಿಶೋಧಕರು ಹೇಳಿದರು. ಅದೇ ಲೆಕ್ಕಪರಿಶೋಧಕರು 2019ರಲ್ಲಿ, ನೋಟು ಈಗ ಜಾಸ್ತಿ ದಿನ ಬಾಳುತ್ತೆ, ಬದಲಾಯಿಸಿದರೆ ನಷ್ಟ ಅಂದರು. ಇವರು ಜಗಳ ಮುಗಿಸುವಷ್ಟರಲ್ಲಿ ನೋಟೇ ಗಟ್ಟಿಯಾಗಿಬಿಟ್ಟಿತ್ತು.

ಮಗಳ ಗೆಳತಿಯ ಗೃಹಪ್ರವೇಶಕ್ಕೆ ಹೋಗುವಾಗ ನನಗೊಂದು ಉಪಾಯ ಹೊಳೆದಿತ್ತು. ಮುಯ್ಯಿ ಯಾವತ್ತೂ ನೂರಾಒಂದು. ನೂರರ ನೋಟಿನ ಜೊತೆ ಈ ಚಿನ್ನದ ಬಣ್ಣದ್ದೊಂದು ಹಾಕಿದರೆ ಎಷ್ಟು ಲಕ್ಷಣ! ಅಮೆರಿಕದ ಕನ್ನಡಿಗರೆಲ್ಲಾ ಮನಸ್ಸು ಮಾಡಿದರೆ ಆ ಗೋದಾಮು ಖಾಲಿಯಾಗುತ್ತಿತ್ತೇನೋ. ಮಗಳು ಕಾರಿನಲ್ಲಿ ಕೂತೇ ಫೋನ್ ಒತ್ತಿದಳು. ‘ಅಪ್ಪಾ, ನೂರಾಒಂದು ಕಳಿಸಿ ಆಯ್ತು. ಅದನ್ನ ಜೇಬಲ್ಲೇ ಇಟ್ಕೊಳಿ.’

ಹಾಗೆ ಏಳೂ ಊರಿಗೆ ಬಂದವು. ಎರಡು ಸಕಾಜವಿಯಾ, ಉಳಿದವು ಅಧ್ಯಕ್ಷರು. ಹೆಂಡತಿ ಸಕಾಜವಿಯಾಗಳನ್ನು ತೊಳೆದು ಒರೆಸಿ ದೇವರ ಮನೆಯಲ್ಲಿ ಲಕ್ಷ್ಮಿ ಫೋಟೋ ಮುಂದೆ ಇಟ್ಟಳು. ಶುಕ್ರವಾರ ಅರಿಶಿನ ಕುಂಕುಮಕ್ಕೆ ಬಂದ ಪಕ್ಕದ ಮನೆಯವರು, ‘ಇದ್ಯಾವ ದೇವಿ?’ ಅಂತ ಕೇಳಿದರು. ‘ಅಮೆರಿಕದವಳು ಕಣ್ರೀ, ಮಗೂನ ಬೆನ್ನಿಗೆ ಕಟ್ಕೊಂಡಿದಾಳೆ ನೋಡಿ’ ಅಂದಳು. ಅವರು ಕೈಮುಗಿದರು. ಅಧ್ಯಕ್ಷರನ್ನೂ ಅಲ್ಲೇ ಇಡೋಣ ಅಂತ ನಾನು ಗಡ್ಡದ ಹೇಯ್ಸ್ ಅವರನ್ನು ತೆಗೆದುಕೊಂಡು ಹೋದೆ.

‘ಅವರೆಲ್ಲಾ ಬೇಡ ರೀ’ ಅಂದಳು. ‘ನಿಮ್ಮ ಮೊಳೆ, ಸ್ಕ್ರೂ ಡಬ್ಬಿ ಇದೆಯಲ್ಲ, ಅದರಲ್ಲಿ ಹಾಕಿ.’