ಇಲ್ಲಿ ಕಡತ ಕೇಳಿದರು, ಅಲ್ಲಿ ಸಿಳ್ಳೆ ಹೊಡೆದೆವು

ಡಲ್ಲಾಸ್‌ನ ಕನ್ನಡಿಗರ ಮನೆಗೆ ಊರಿಂದ ಯಾರೇ ಬರಲಿ, ಡೀಲಿ ಪ್ಲಾಜಾ ತೋರಿಸದೆ ಕಳಿಸುವುದು ಕಡಿಮೆ. 1963ರ ನವೆಂಬರ್ 22ರಂದು ಅಧ್ಯಕ್ಷ ಕೆನಡಿಗೆ ಗುಂಡು ಬಿದ್ದ ಜಾಗ ಅದು. ಗುಂಡು ತಗುಲಿದ ಕಡೆ ರಸ್ತೆಯ ಮೇಲೆ ಯಾರೋ ಬಿಳಿ ಬಣ್ಣದಲ್ಲಿ ಗುಣಿಸುವ ಚಿಹ್ನೆ ಬರೆದಿದ್ದಾರೆ. ವಾಹನಗಳು ಕಡಿಮೆಯಾದವೋ ಇಲ್ಲವೋ, ಜನ ಓಡಿಹೋಗಿ ಅದರ ಮೇಲೆ ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆ. ಪಕ್ಕದ ಹುಲ್ಲು ದಿಬ್ಬದ ಹತ್ತಿರ, ಕೊಂದವನು ಒಬ್ಬನಲ್ಲ, ಸರ್ಕಾರವೇ ಮುಚ್ಚಿಹಾಕಿತು ಎನ್ನುತ್ತಾ ಪತ್ರಿಕೆ ಮಾರುವವರು ಇರುತ್ತಾರೆ.

ನನ್ನ ಸೋದರಮಾವ ಕಂದಾಯ ಇಲಾಖೆಯಲ್ಲಿದ್ದು ನಿವೃತ್ತರಾದವರು. ಅವರಿಗೆ ಇದು ಅರಗಲೇ ಇಲ್ಲ. "ಅಲ್ಲಯ್ಯಾ, ಸರ್ಕಾರದ ಜಾಗದಲ್ಲೇ ನಿಂತ್ಕೊಂಡು ಸರ್ಕಾರ ಕಳ್ಳ ಅಂತಾನಲ್ಲ, ಇವನನ್ನ ಯಾರೂ ಕೇಳಲ್ವಾ?" ಅಂದರು. "ಇಲ್ಲ ಮಾವ, ಅದೇ ಅವರ ವ್ಯಾಪಾರ" ಅಂದೆ.

ಆ ವ್ಯಾಪಾರಕ್ಕೆ ದೊಡ್ಡ ಬಲ ಕೊಟ್ಟದ್ದು ಒಂದು ಸಿನಿಮಾ. 1991ರ ಡಿಸೆಂಬರ್‌ನಲ್ಲಿ ಬಂದ ಆಲಿವರ್ ಸ್ಟೋನ್ ಅವರ 'ಜೆಎಫ್‌ಕೆ'. ಮೂರು ಗಂಟೆಗೂ ಜಾಸ್ತಿ ಓಡುವ ಚಿತ್ರ. ಕೊಲೆ ಆರೋಪದಲ್ಲಿ ಸಿಕ್ಕಿಬಿದ್ದ ಓಸ್ವಾಲ್ಡ್ ಒಬ್ಬನೇ ಕೊಂದದ್ದು ಎಂದು, ತನಿಖೆಗೆ ನೇಮಿಸಿದ್ದ ವಾರನ್ ಆಯೋಗ 1964ರಲ್ಲಿ ಹೇಳಿತ್ತು. ಅದೆಲ್ಲ ಸುಳ್ಳು, ಇದು ಒಳಗಿನವರದೇ ಸಂಚು ಅನ್ನುವುದು ಚಿತ್ರದ ವಾದ. ಅದರ ನಾಯಕ ನ್ಯೂ ಆರ್ಲಿಯನ್ಸ್‌ನ ಸರ್ಕಾರಿ ವಕೀಲ ಜಿಮ್ ಗ್ಯಾರಿಸನ್. ನಿಜ ಜೀವನದಲ್ಲಿ ಅವರು ಹೂಡಿದ ಕೇಸು 1969ರಲ್ಲಿ ಬಿದ್ದುಹೋಯಿತು. ಒಂದು ಗಂಟೆಯೊಳಗೆ ಜ್ಯೂರಿಯವರು ಆರೋಪಿಯನ್ನು ಬಿಟ್ಟುಬಿಟ್ಟರು. ತಮಾಷೆ ಏನೆಂದರೆ, ಚಿತ್ರದಲ್ಲಿ ಆಯೋಗದ ಮುಖ್ಯಸ್ಥರಾಗಿದ್ದ ಆ ವಾರನ್ ಅವರ ಪಾತ್ರ ಮಾಡಿದ್ದು ಸ್ವತಃ ಗ್ಯಾರಿಸನ್!

ಆಗಿನ ನಿಜವಾದ ದೃಶ್ಯ ಯಾವುದು, ಸ್ಟೋನ್ ಕಪ್ಪುಬಿಳುಪಿನಲ್ಲಿ ಹೊಸದಾಗಿ ತೆಗೆದದ್ದು ಯಾವುದು ಅಂತ ನೋಡುವವನಿಗೆ ಗೊತ್ತಾಗುವುದಿಲ್ಲ. ಇದು ನನ್ನ ಮಟ್ಟಿಗೆ ಮೋಸವೇ. ಆದರೆ ಚಿತ್ರದ ಕೊನೆಯಲ್ಲಿ ತೆರೆಯ ಮೇಲೆ ಒಂದು ಸಾಲು ಬಂತು. ಅಮೆರಿಕದ ಸಂಸತ್ತಿನ ಸಮಿತಿಯೊಂದರ ಕಡತಗಳಿಗೆ 2029ರವರೆಗೆ ಬೀಗ ಹಾಕಲಾಗಿದೆ ಎಂದು. ಅದು ಮಾತ್ರ ನಿಜವಾಗಿತ್ತು.

ಜನ ಅದನ್ನು ಹಿಡಿದುಕೊಂಡರು. ಕೊಂದವರು ಯಾರು ಅನ್ನುವುದು ಆಮೇಲಿನ ಮಾತು, ಮೊದಲು ಕಾಗದ ತೋರಿಸಿ ಅಂದರು. ವರ್ಷ ತುಂಬುವುದರೊಳಗೆ, 1992ರ ಅಕ್ಟೋಬರ್‌ನಲ್ಲಿ, ಹಿರಿಯ ಬುಷ್ ಕಾನೂನಿಗೆ ಸಹಿ ಹಾಕಿದರು. ಕೊಲೆಗೆ ಸಂಬಂಧಪಟ್ಟ ಎಲ್ಲ ದಾಖಲೆಗಳನ್ನೂ ಒಂದೇ ಕಡೆ ತಂದು, 25 ವರ್ಷದೊಳಗೆ ತೆರೆದಿಡಬೇಕು ಎಂಬ ಕಾನೂನು. ಇದಕ್ಕಾಗಿಯೇ ಒಂದು ಮಂಡಳಿ ಕೂತು 1998ರವರೆಗೆ ಕೆಲಸ ಮಾಡಿತು. ಸುಮಾರು 50 ಲಕ್ಷ ಪುಟಗಳ ಭಂಡಾರ ಅದು. ಸ್ಟೋನ್ ಹೇಳಿದ ಸಂಚಿಗೆ ಅದರಲ್ಲಿ ಪುರಾವೆ ಸಿಗಲಿಲ್ಲ. ಸಿಕ್ಕಿದ್ದು ಬೇರೆ. ಕ್ಯೂಬಾದ ಮೇಲೆ ಯುದ್ಧಕ್ಕೆ ನೆಪ ಬೇಕೆಂದು, ತಾವೇ ದಾಳಿಯ ನಾಟಕವಾಡಿ ತಪ್ಪನ್ನು ಕ್ಯೂಬಾದ ತಲೆಗೆ ಕಟ್ಟೋಣ ಅಂತ ಅಮೆರಿಕದ ಸೇನಾ ಮುಖ್ಯಸ್ಥರು 1962ರಲ್ಲಿ ಬರೆದುಕೊಟ್ಟಿದ್ದ ಯೋಜನೆ! ಅದು ಜಾರಿಯಾಗಲಿಲ್ಲ, ನಿಜ. ಆದರೆ ಕಾಗದ ಹೊರಬಂತು.

ಸರ್ಕಾರದ ಮೇಲಿನ ನಂಬಿಕೆಯನ್ನು ಹಾಳು ಮಾಡಿದ್ದೇ ಸಿನಿಮಾ ಅಂತ ಇಲ್ಲೂ ಹೇಳುವವರಿದ್ದಾರೆ. ಲೆಕ್ಕ ಹಾಗೆ ಹೇಳುವುದಿಲ್ಲ. ವಾಷಿಂಗ್ಟನ್ ಸರಿಯಾದದ್ದನ್ನೇ ಮಾಡುತ್ತದೆ ಎಂದು ನಂಬುವವರು 1964ರಲ್ಲಿ 100ಕ್ಕೆ 77 ಮಂದಿ ಇದ್ದರು. ವಿಯೆಟ್ನಾಂ ಯುದ್ಧ, ವಾಟರ್‌ಗೇಟ್ ಹಗರಣ ಆದಮೇಲೆ, 1974ಕ್ಕೆ ಆ ಸಂಖ್ಯೆ ಅರ್ಧಕ್ಕಿಂತ ಕೆಳಗೆ ಬಂತು. ಸ್ಟೋನ್ ಚಿತ್ರ ಬಂದದ್ದು ಅದಾಗಿ 17 ವರ್ಷಕ್ಕೆ. ನಂಬಿಕೆ ಮೊದಲೇ ಹೋಗಿತ್ತು. ಏನನ್ನು ಕೇಳಬೇಕು ಅನ್ನುವುದನ್ನು ಸಿನಿಮಾ ಹೇಳಿಕೊಟ್ಟಿತು, ಅಷ್ಟೇ.

ನಮ್ಮ ಸಿನಿಮಾಗಳು ಏನು ಕೇಳಲು ಹೇಳಿಕೊಟ್ಟವು?

1981ರ 'ಅಂತ'ದಿಂದ ಶುರು ಮಾಡಿ. ಅಂಬರೀಶ್ ಅವರ ಇನ್‌ಸ್ಪೆಕ್ಟರ್ ಪಾತ್ರ ಇವತ್ತಿಗೂ ಮೈ ಜುಮ್ಮೆನ್ನಿಸುತ್ತದೆ. ಸಮಾಜದ ದೊಡ್ಡ ಮನುಷ್ಯರೇ ಕಳ್ಳರು ಅಂತ ಅದು ಎದೆ ತಟ್ಟಿ ಹೇಳಿತು. ಆ ಧೈರ್ಯಕ್ಕೆ ನನ್ನದೊಂದು ನಮಸ್ಕಾರ. ಆದರೆ ಆಮೇಲೆ ಬಂದ ಎಷ್ಟೋ ಚಿತ್ರಗಳು ಅದರ ಸಿಟ್ಟನ್ನು ಮಾತ್ರ ತೆಗೆದುಕೊಂಡವು. ಮಂತ್ರಿ ಕೆಟ್ಟವನು, ಕೋರ್ಟು ನಿಧಾನ, ಸಾಕ್ಷಿ ತಿರುಗಿಬೀಳುತ್ತಾನೆ. ಹಾಗಾದರೆ ಉಳಿದದ್ದು? ಖಾಕಿ ತೊಟ್ಟ ಒಬ್ಬ ಹೀರೊ, ಅವನ ಕೈಯಲ್ಲೊಂದು ಪಿಸ್ತೂಲು. ಅಮೆರಿಕದಲ್ಲಿ ಇಂಥ ಪೊಲೀಸ್ ಹೀರೊಗಳು ಇಲ್ಲ ಅಂತಲ್ಲ, ಬೇಕಾದಷ್ಟಿದ್ದಾರೆ. ಆದರೆ ನಮ್ಮಲ್ಲಿ ಸರ್ಕಾರದ ಮೇಲಿನ ಅನುಮಾನ ಬಹಳ ಸಲ ಈ ಒಂದೇ ಬಾಗಿಲಿಗೆ ಬಂದು ನಿಲ್ಲುತ್ತದೆ.

ತಮಿಳಿನ 'ಸಿಂಗಂ' ಕನ್ನಡದಲ್ಲಿ 'ಕೆಂಪೇಗೌಡ' ಆಯಿತು, ಹಿಂದಿಯಲ್ಲಿ 'ಸಿಂಘಂ' ಆಯಿತು. ಎರಡೂ 2011ರಲ್ಲಿ. ಹಿಂದಿ ಚಿತ್ರದ ವಿರುದ್ಧ ಕರ್ನಾಟಕದಲ್ಲಿ ಜನ ಬೀದಿಗಿಳಿದರು, ನೆನಪಿದೆಯಾ? ಕನ್ನಡಿಗರನ್ನು ಹೀಯಾಳಿಸುವ ಒಂದು ಮಾತಿತ್ತು, ಅದಕ್ಕೆ. ಸರಿಯೇ, ಆ ಮಾತನ್ನು ತೆಗೆದರು. ಕೊನೆಯಲ್ಲಿ ಪೊಲೀಸ್ ಪಡೆಯೇ ರಾಜಕಾರಣಿಯ ಮೇಲೆ ಮುಗಿಬೀಳುತ್ತದಲ್ಲ, ಅದರ ಬಗ್ಗೆ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಆ ದೃಶ್ಯದ ಬಗ್ಗೆ ಮಾತಾಡಲು 2023ರಲ್ಲಿ ಬಾಂಬೆ ಹೈಕೋರ್ಟಿನ ನ್ಯಾಯಮೂರ್ತಿ ಗೌತಮ್ ಪಟೇಲ್ ಬರಬೇಕಾಯಿತು. ಇಂಥ ಚಿತ್ರಗಳು ಬಲು ಅಪಾಯದ ಸಂದೇಶ ಕೊಡುತ್ತವೆ ಎಂದು ಅವರು ಪೊಲೀಸ್ ಅಧಿಕಾರಿಗಳ ಎದುರಿಗೇ ಹೇಳಿದರು.

ಸುಮ್ನೆ ಸಿನಿಮಾ ತಾನೇ, ಬಿಡಿ ಅನ್ನಬಹುದು. ಆದರೆ 2019ರ ಡಿಸೆಂಬರ್‌ನಲ್ಲಿ ಹೈದರಾಬಾದ್ ಹತ್ತಿರ ಅತ್ಯಾಚಾರ, ಕೊಲೆ ಪ್ರಕರಣದ ನಾಲ್ವರು ಆರೋಪಿಗಳು ಪೊಲೀಸರ ಗುಂಡಿಗೆ ಸತ್ತಾಗ, ಜನ ಅದೇ ಜಾಗಕ್ಕೆ ಹೋಗಿ ಪೊಲೀಸರ ಮೇಲೆ ಹೂವಿನ ಎಸಳು ಚೆಲ್ಲಿದರು. ಸುಪ್ರೀಂ ಕೋರ್ಟ್ ನೇಮಿಸಿದ ಸಿರ್ಪುರ್ಕರ್ ಆಯೋಗದ ವರದಿ 2022ರಲ್ಲಿ ಹೊರಬಂತು. ಕೊಲ್ಲಬೇಕೆಂದೇ ಗುಂಡು ಹಾರಿಸಲಾಗಿದೆ ಎಂದಿತು. ಆ ವರದಿಯನ್ನು ನಮ್ಮಲ್ಲಿ ಎಷ್ಟು ಜನ ಓದಿರಬಹುದು?

ಕಾಗದ ಕೇಳುವ ಚಳವಳಿ ನಮ್ಮಲ್ಲಿ ಇರಲಿಲ್ಲವೆಂದಲ್ಲ. ರಾಜಸ್ಥಾನದ ಹಳ್ಳಿಯ ಕೂಲಿಕಾರರು ತಮ್ಮ ಕೂಲಿಯ ಮಸ್ಟರ್ ರೋಲ್, ಅಂದರೆ ಹಾಜರಿ ಪಟ್ಟಿ, ತೋರಿಸಿ ಅಂತ ಹೋರಾಡಿದರು. 1996ರಲ್ಲಿ ಬ್ಯಾವರ್ ಪಟ್ಟಣದಲ್ಲಿ 40 ದಿನ ಧರಣಿ ಕೂತರು. ಕರ್ನಾಟಕ 2000ದಲ್ಲೇ ತನ್ನದೊಂದು ಮಾಹಿತಿ ಹಕ್ಕಿನ ಕಾನೂನು ಮಾಡಿತ್ತು. ಇಡೀ ದೇಶಕ್ಕೆ ಅಂಥದ್ದೊಂದು ಬಂದದ್ದು 2005ರಲ್ಲಿ. ಈ ಯಾವುದಕ್ಕೂ ಸಿನಿಮಾದ ಹಂಗಿರಲಿಲ್ಲ. ಅರ್ಜಿ ಬರೆದು, ಮೇಲ್ಮನವಿ ಹಾಕಿ, ತಿಂಗಳುಗಟ್ಟಲೆ ಕಾಯುವವನಿಗೆ ಇಂಟ್ರೊಡಕ್ಷನ್ ಸಾಂಗ್ ಯಾರು ಬರೆಯುತ್ತಾರೆ ಹೇಳಿ.

ಹತ್ತಿರಕ್ಕೆ ಬಂದದ್ದು ಒಂದು ಚಿತ್ರ, ಮಂಸೋರೆ ಅವರ 'ಆಕ್ಟ್ 1978'. 2020ರಲ್ಲಿ, ಲಾಕ್‌ಡೌನ್ ಮುಗಿದು ಥಿಯೇಟರ್ ತೆರೆದಾಗ ಬಂದದ್ದು. ಯಜ್ಞಾ ಶೆಟ್ಟಿ ಮಾಡಿರುವ ತುಂಬು ಗರ್ಭಿಣಿಯ ಪಾತ್ರ, ಸರ್ಕಾರಿ ಕಚೇರಿಗೆ ಅಲೆದಲೆದು ಸಾಕಾಗಿ ಅಲ್ಲಿರುವವರನ್ನೆಲ್ಲ ಒತ್ತೆ ಇಟ್ಟುಕೊಳ್ಳುತ್ತದೆ. ಅವಳು ಬಂದದ್ದು ಯಾರ ತಲೆ ಉರುಳಿಸಲಿಕ್ಕೂ ಅಲ್ಲ. ತನಗೆ ಬರಬೇಕಾದ ಪರಿಹಾರದ ಕಡತ ಕದಲಬೇಕು, ಅಷ್ಟೇ. ನೋಡುವಾಗ ನನಗೆ ಖುಷಿಯಾಯಿತು. ಆದರೂ ಅವಳ ಕೈಗೆ ಪಿಸ್ತೂಲು ಕೊಡಲೇಬೇಕಾಯಿತು, ಹೊಟ್ಟೆಗೆ ಬಾಂಬ್ ಕಟ್ಟಲೇಬೇಕಾಯಿತು. ಇದಕ್ಕೆ ನಿರ್ದೇಶಕರನ್ನು ದೂರುವ ಮನಸ್ಸಿಲ್ಲ. ಬರೀ ಒಂದು ಅರ್ಜಿಗೇ ಆ ಕಡತ ಕದಲಿತು ಅಂತ ತೋರಿಸಿದ್ದರೆ, ನಾನೇ ಮೊದಲು ನಗುತ್ತಿದ್ದೆ. ನನ್ನ ಮಾವನಂತೂ, ಅಷ್ಟು ವರ್ಷ ಆ ಕಚೇರಿಯಲ್ಲೇ ಕೂತಿದ್ದವರು, ಎದ್ದೇ ಹೋಗುತ್ತಿದ್ದರು.